ಗಂಧಕಾಮ್ಲಕ್ಕೆ ಕನ್ನಡದಾಗ ಏನಂತಾರ

ಎರಡು ಭಾಷೆಗಳ ನಡುವೆ ನಿಂತು ಕೆಲಸ ಮಾಡುವವರ ಪಾಡು ಇಬ್ಬರು ಅತ್ತೆಯರಿರುವ ಸೊಸೆಯ ಪಾಡು. ಒಬ್ಬಾಕೆ ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೆ ಇನ್ನೊಬ್ಬಾಕೆ ಉಪ್ಪೇ ಇಲ್ಲ ಅನ್ನುತ್ತಾಳೆ. ಅಂಥದರಲ್ಲಿ ಸೊಸೆಯ ಕೈಯಲ್ಲಿ ಉಪ್ಪಿನ ಡಬ್ಬಿಯ ಬದಲು ಆಸಿಡ್ ಸೀಸೆ ಇದ್ದರೆ ಕೇಳುವುದೇ ಬೇಡ. ವಾರಕ್ಕೊಂದಾದರೂ ನಗೆಪಾಟಲು ಆಗಿಯೇ ಆಗುತ್ತದೆ. ನಾನು ಇಪ್ಪತ್ತು ಚಿಲ್ಲರೆ ವರ್ಷ ಆ ಸೀಸೆ ಹಿಡಿದವಳು.

ಕೆಲಸ ಮಾಡಿದ್ದು ಸಾಂಗಲಿ-ಮಿರಜ ನಡುವಿನ ಒಂದು ಸಹಕಾರಿ ಹಾಲಿನ ಸಂಘದ ಪ್ರಯೋಗಶಾಲೆಯಲ್ಲಿ. ಆಗ ನಮ್ಮ ಕಡೆ ಎಲ್ಲದಕ್ಕೂ ಒಂದೊಂದು ಸಂಘ. ಕಬ್ಬಿಗೊಂದು, ಅರಿಷಿಣಕ್ಕೊಂದು, ನೂಲಿಗೊಂದು, ಹಾಲಿಗೊಂದು. ಇಬ್ಬರು ಸೇರಿದರೆ ಸೊಸಾಯಿಟಿ, ಮೂವರು ಸೇರಿದರೆ ಚುನಾವಣೆ. ಹಾಲಿನಲ್ಲಿ ಬೆಣ್ಣೆ ಎಷ್ಟಿದೆ ಅಂತ ನೋಡುವುದಕ್ಕೆ ನಾವು ಗಾಜಿನ ನಳಿಗೆಯಲ್ಲಿ ಗಂಧಕಾಮ್ಲ, ಅಂದರೆ ಸಲ್ಫ್ಯೂರಿಕ್ ಆಸಿಡ್, ಹಾಕಿ ಅದರ ಮೇಲೆ ಹಾಲು ಬಿಟ್ಟು ಯಂತ್ರದಲ್ಲಿ ಗರಗರ ತಿರುಗಿಸುತ್ತಿದ್ದೆವು. ಹಾಲೆಲ್ಲ ಸುಟ್ಟು ಕಪ್ಪಾಗಿ, ಬೆಣ್ಣೆಯಷ್ಟೇ ಹೊಂಬಣ್ಣದ ಗೆರೆಯಾಗಿ ಮೇಲೆ ನಿಲ್ಲುತ್ತಿತ್ತು. ಕೆಲಸ ಇಷ್ಟೇ. ಕಷ್ಟವಿದ್ದದ್ದು ಅದನ್ನು ಹೇಳುವುದರಲ್ಲಿ.

೧. ಶುದ್ಧ ಕನ್ನಡ

ನಮ್ಮದು ಮಿರಜ ಪೇಟೆಯಲ್ಲಿ ಕಿರಾಣಿ ಅಂಗಡಿ. ಒಳಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ. ನಾನು ಕಲಿತದ್ದು ಮರಾಠಿ ಶಾಲೆಯಲ್ಲಿ, ಕಾಲೇಜಿನ ರಸಾಯನಶಾಸ್ತ್ರ ಇಂಗ್ಲಿಷಿನಲ್ಲಿ. ಕನ್ನಡ ಅಕ್ಷರ ಕಲಿಸಿದ್ದು ಅಪ್ಪ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪರಾತದಲ್ಲಿ ಕಡಲೆ ಹಿಟ್ಟು ಹರವಿ, ನನ್ನ ಬೆರಳು ಹಿಡಿದು ಅದರ ಮೇಲೆ ತಿದ್ದಿಸುತ್ತಿದ್ದ. ಅದಕ್ಕೇ ನನ್ನ ಕನ್ನಡ ಅಕ್ಷರಗಳು ಇವತ್ತಿಗೂ ಬೆರಳಿನಷ್ಟು ದಪ್ಪ.

ಸಂಘಕ್ಕೆ ಗಡಿ ಕಡೆಯ ಕನ್ನಡದ ಹಳ್ಳಿಗಳಿಗೆ ಹೋಗಿ ತಿಳಿಸಿ ಹೇಳುವವರು ಬೇಕಾಗಿದ್ದರು. ಸಂದರ್ಶನಕ್ಕೆ ಕರೆದರು. ಒಳಗೆ ಮೂರು ಜನ ಹಿರಿಯರು, ಮೂವರೂ ಅಚ್ಚ ಮರಾಠಿಯವರು. ರಸಾಯನದ ಪ್ರಶ್ನೆ ಮುಗಿದ ಮೇಲೆ ನಡುವಿನವರು, "ಕನ್ನಡ ಯೇತೆ ಕಾ?" ಅಂದರು. ಬರುತ್ತದೆ ಅಂದೆ. "ಬೋಲಾ ಬಘೂ," ಅಂದರು. ಎಲ್ಲಿ, ಮಾತಾಡಿ ನೋಡೋಣ.

ಹಾಗೆ ಒಮ್ಮೆಲೇ ಮಾತಾಡು ಅಂದರೆ ಏನು ಮಾತಾಡಬೇಕು? ಮುಂಜಾನೆ ಎಂಟಕ್ಕೆ ಬಂದು ಕೂತವಳು, ಎರಡು ಗಂಟೆ ದಾಟಿತ್ತು. ಬಾಯಿಗೆ ಬಂದದ್ದು ಹೇಳಿದೆ. "ಮುಂಜಾನಿಂದ ಏನೂ ತಿಂದಿಲ್ರಿ. ಹೊಟ್ಟಿ ತಾಳ ಹಾಕಾಕತ್ತೈತಿ. ನೀವು ಲಗೂನ ಬಿಟ್ರ ಮನಿಗೆ ಹೋಗಿ ರೊಟ್ಟಿ ತಿಂತೇನಿ."

ಮೂವರೂ ತಲೆ ತೂಗಿದರು. "ಉಚ್ಚಾರ ಎಷ್ಟು ಸ್ವಚ್ಛ," ಅಂತ ಒಬ್ಬರು ಮರಾಠಿಯಲ್ಲಿ ಅಂದರು. "ಶುದ್ಧ ಕನ್ನಡ," ಅಂತ ಇನ್ನೊಬ್ಬರು ಕಾಗದದ ಮೇಲೆ ಗುರುತು ಹಾಕಿದರು. ಬಾಗಿಲಲ್ಲಿ ನಿಂತಿದ್ದ ಸಿಪಾಯಿ ಮಾತ್ರ ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ.

ಹೊರಗೆ ಬಂದರೆ ಬೆಂಚಿನ ಮೇಲೆ ಒಂದು ತಾಟು ಅವಲಕ್ಕಿ, ಒಂದು ಕಪ್ ಚಹಾ. ಸಿಪಾಯಿ ವಿಜಾಪುರ ಕಡೆಯವನು. "ತಿನ್ನ ತಂಗಿ," ಅಂದ. "ಅವರಿಗೆ ಭಾಷಾ ಸೇರಿತು, ನನಗ ಅರ್ಥ ಆತು."

೨. ಅಂಗಡಿಯ ಕಟ್ಟೆ

ನನಗೆ ಕೊಟ್ಟ ಮೊದಲ ಕೆಲಸ, ಗಂಧಕಾಮ್ಲ ಬಳಸುವ ರೀತಿಯ ಮರಾಠಿ ಸೂಚನಾಪತ್ರವನ್ನು ಕನ್ನಡಕ್ಕೆ ತರುವುದು. ಒಂದೇ ದಿನದಲ್ಲಿ ಮುಗಿಸಿ ಪ್ರಯೋಗಶಾಲೆಯ ಸಾಹೇಬರ ಮುಂದೆ ಇಟ್ಟೆ. ಸಾಹೇಬರು ಸಣ್ಣ ದನಿಯ, ಬೋಳುತಲೆಯ, ಬಹಳ ಸಜ್ಜನ ಮನುಷ್ಯ. ಓದಿ ತೋರಿಸಿ ಅಂದರು. ಓದಿದೆ.

ಮರಾಠಿಯ ಸೂಚನಾ, ಕನ್ನಡದಲ್ಲಿ ಸೂಚನೆ. ಪ್ರಯೋಗಶಾಳಾ, ಪ್ರಯೋಗಶಾಲೆ. ತಾಪಮಾನ, ತಾಪಮಾನ. ಪ್ರಮಾಣ, ಪ್ರಮಾಣ. ಗಂಧಕಾಮ್ಲ, ಗಂಧಕಾಮ್ಲ.

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ಬಾಯಿ," ಮರಾಠಿಯವರು ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದೇ ಹಾಗೆ, "ಇದು ಮರಾಠಿಯೇ ಆಯಿತಲ್ಲ. ನೀವು ಅಕ್ಷರವನ್ನಷ್ಟೇ ಗುಂಡಗೆ ಮಾಡಿದ್ದೀರಿ," ಅಂದರು. "ಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲಿ ಆಡುತ್ತಾರಲ್ಲ, ಅಂಥ ಮಾತು ಹುಡುಕಿ ತನ್ನಿ."

ಸಂಜೆ ಅಪ್ಪನನ್ನು ಕೇಳಿದೆ. ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಅಕ್ಕಪಕ್ಕದವರನ್ನೆಲ್ಲ ಕೂಡಿಸಿದ. ಮಗಳ ನೌಕರಿಯ ಪ್ರಶ್ನೆ ಅಂತ ಎಲ್ಲರಿಗೂ ಚಹಾ ತರಿಸಿದ. ಅರಿಷಿಣದ ವ್ಯಾಪಾರಿ, "ಇದರಾಗ ಏನೈತಿ, ತೇಜಾಬ ಅನ್ನು," ಅಂದರು. ಗಿಡಮೂಲಿಕೆ ಮಾರುವ ಮುದುಕರು, "ಅದು ಮುಸಲ್ಮಾನರ ಮಾತು. ನಮ್ಮ ಹಿರ್ಯಾರು ಗಂಧಕದ ದ್ರಾವಕ ಅಂತಿದ್ರು," ಅಂದರು. ದ್ರಾವಕ ಅಂದರೆ ಹಳ್ಳಿಯಲ್ಲಿ ಔಷಧ ಅಂದುಕೊಂಡು ಕುಡಿದಾರು ಅಂತ ನಾನು ಅಂಜಿದೆ.

ಆಚೆ ಬದಿಯ ಅಕ್ಕಸಾಲಿಗ ಅಲ್ಲಿಯವರೆಗೆ ಸುಮ್ಮನಿದ್ದವರು ಬಾಯಿ ಬಿಟ್ಟರು. "ನಾವು ದಿನಾ ಅದರಾಗ ಕೈ ಆಡಸ್ತೇವಿ. ನಾವು ಬರೇ ನೀರು ಅಂತೇವಿ. ನೀರು ತಾ ಅಂದ್ರ ನಮ್ಮವರು ಅದನ್ನ ತರ್ತಾರ."

"ಹಂಗಾರ ಕುಡಿಯೂ ನೀರಿಗೆ ಏನಂತೀರಿ?" ಅಂತ ಅಪ್ಪ ಕೇಳಿದ.

"ಅದಕ್ಕ ಪಾಣಿ ಅಂತೇವಿ," ಅಂದರು ಅಕ್ಕಸಾಲಿಗರು. "ಇಷ್ಟು ವರ್ಷದಾಗ ಒಂದ ಸಲ ಅಷ್ಟ ಅದಲ ಬದಲ ಆಗೇತಿ."

ಅದು ಹೇಗಾಯಿತು ಅಂತ ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಆಗ ಒಳಗಿನಿಂದ ಅವ್ವ, "ಅದು ಮೈಮ್ಯಾಲ ಬಿದ್ರ ಏನಾಗತೈತಿ?" ಅಂದಳು. ಸುಡುತ್ತದೆ ಅಂದೆ. "ಮತ್ತ ಸುಡುನೀರು ಅನ್ರಿ. ಅದಕ್ಕ ಇಷ್ಟು ಮಂದಿ ಯಾಕ ಬೇಕು?"

ಕಟ್ಟೆಯ ಮೇಲಿನವರೆಲ್ಲ ತಲೆದೂಗಿದರು. ನಾನೂ ಬರೆದೆ. ಸಾಹೇಬರೂ ಒಪ್ಪಿದರು. ಮುಂದಿನ ವಾರ ಮರದ ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ ಸೀಸೆ ಇಟ್ಟುಕೊಂಡು ಹಾಲಿನ ಲಾರಿಯಲ್ಲಿ ಗಡಿಯ ಒಂದು ಹಳ್ಳಿಗೆ ಹೋದೆ. ಊರ ಸೊಸಾಯಿಟಿಯ ಚೇರಮನ್ನರು ಮೊದಲೇ ಸೂಚನಾಪತ್ರ ಓದಿದ್ದರು. ಅಂಗಳದಿಂದಲೇ ಹೆಂಡತಿಗೆ, "ಬಾಯಾರು ಸುಡುನೀರು ತಂದಾರ ನೋಡ," ಅಂತ ಕೂಗಿ ಹೇಳಿದರು.

ಆ ತಾಯಿ ಕೈಯಲ್ಲಿ ಸಾಬೂನು, ಹೆಗಲ ಮೇಲೆ ಟವೆಲ್ಲು ಹಿಡಿದು ಹೊರಗೆ ಬಂದರು. ನನ್ನ ಪೆಟ್ಟಿಗೆ ನೋಡಿ ಮರುಗಿದರು. "ಅಲ್ಲ ತಂಗಿ, ಅಷ್ಟು ದೂರದಿಂದ ಯಾಕ ಹೊತ್ತುಕೊಂಡು ಬಂದೀ? ಜಳಕಕ್ಕ ಅಂತ ನಮ್ಮ ಒಲಿ ಮ್ಯಾಲೇ ಕಾಯಾಕತ್ತೈತಲ್ಲ."

೩. ತಲೆಗೆ ಹಚ್ಚುವ ಆಮ್ಲ

ಸುಡುನೀರು ಅಲ್ಲಿಗೇ ಮುಗಿಯಿತು. ಕನ್ನಡದಲ್ಲೂ ಆಸಿಡ್ ಅಂತಲೇ ಇರಲಿ ಅಂತ ತೀರ್ಮಾನವಾಯಿತು. ಆದರೆ ಸಾಹೇಬರು ಮರಾಠಿಯ ಅಭಿಮಾನಿಗಳು. ತಾವು ಬರೆಯುವಾಗ ಆಮ್ಲ ಅಂತಲೇ ಬರೆಯುತ್ತಿದ್ದರು.

ಒಂದು ಸಲ ಆಸಿಡ್ ತೀರಿತು. ಕೊಲ್ಲಾಪುರಕ್ಕೆ ಹೊರಟ ಡ್ರೈವರನ ಕೈಗೆ ಸಾಹೇಬರು ಚೀಟಿ ಕೊಟ್ಟರು: ಆಮ್ಲ, ಹನ್ನೆರಡು ಬಾಟಲಿ. ನಮ್ಮ ಡ್ರೈವರ್ ಮಿರಜದ ದರ್ಗಾ ಹತ್ತಿರದವನು. ಮನೆ ಮಾತು ದಖ್ಖನಿ. ಅವನು ಚೀಟಿಯನ್ನು ತನ್ನ ಭಾಷೆಯಲ್ಲಿ ಓದಿಕೊಂಡ. ಸಂಜೆ ಬಂದು ಮೇಜಿನ ಮೇಲೆ ಹನ್ನೆರಡು ಬಾಟಲಿ ಸಾಲಾಗಿ ಇಟ್ಟ. ಎಲ್ಲವೂ ತಲೆಗೆ ಹಚ್ಚುವ ನೆಲ್ಲಿಕಾಯಿ ಎಣ್ಣೆ, ಅವನ ಭಾಷೆಯ ಆಮ್ಲಾ.

ಸಾಹೇಬರು ಒಂದು ಬಾಟಲಿ ಎತ್ತಿ ನೋಡಿದರು. ಅದರ ಮೇಲೆ ಮೊಣಕಾಲುದ್ದ ಕೂದಲಿನ ಹೆಂಗಸಿನ ಚಿತ್ರ. ಡ್ರೈವರ್ ಅವರ ತಲೆಯ ಕಡೆ ನೋಡಿ, ಕಣ್ಣು ಕೆಳಗೆ ಮಾಡಿ, ಬಹಳ ಮೆಲ್ಲಗೆ ಅಂದ, "ಸಾಬ್, ಹನ್ನೆರಡು ಅಂತ ಬರೆದಿದ್ರಿ. ಭಾಳ ದಿನದ ಆಸೆ ಇರಬೇಕು ಅಂತ ನಾನು ಏನೂ ಕೇಳಲಿಲ್ಲ."

ಸಾಹೇಬರು ಸಿಟ್ಟಾಗಲಿಲ್ಲ. ಹನ್ನೊಂದು ಬಾಟಲಿ ವಾಪಸು ಕಳಿಸಿದರು.

೪. ನೀರಿನಲ್ಲಿ ಕಾಲು

ಇದು ನಗುವ ಪ್ರಸಂಗವೇ, ಆದರೆ ನಾನು ನಗಲು ಕೆಲವು ದಿನ ಬೇಕಾಯಿತು.

ಪ್ರತಿ ಹಳ್ಳಿಯಲ್ಲಿ ಹಾಲು ಪರೀಕ್ಷಿಸಲು ಒಬ್ಬರನ್ನು ಆರಿಸಿ ನಾವು ಕಲಿಸುತ್ತಿದ್ದೆವು. ಒಂದು ಊರಿನಿಂದ ಬಂದವರು ಹಳೆಯ ಪೈಲವಾನರು. ವಯಸ್ಸು ಐವತ್ತರ ಮೇಲೆ, ಗಿರಿಜಾ ಮೀಸೆ, ಕಂಬದಂಥ ತೋಳು. ತರಬೇತಿಯಲ್ಲಿ ಒಂದನೇ ಇಯತ್ತೆಯ ಮಗುವಿನ ಹಾಗೆ ಕೈಕಟ್ಟಿ ಕೂಡುತ್ತಿದ್ದರು. ಅವರಿಗೆ ಓದು ಬರಹ ಅಷ್ಟಕ್ಕಷ್ಟೆ, ಆದರೆ ಹೇಳಿದ ಮಾತು ಕಲ್ಲಿನ ಮೇಲೆ ಕೆತ್ತಿದ ಹಾಗೆ.

ನಾನು ಮೊದಲ ದಿನ ಹೇಳಿದ್ದು ಆಸಿಡ್ ತಿಳಿಗೊಳಿಸುವ ನಿಯಮ. ಆಸಿಡ್‌ನಲ್ಲಿ ನೀರು ಹಾಕಿದರೆ ಸಿಡಿಯುತ್ತದೆ. ನೀರಿನಲ್ಲಿ ಆಸಿಡ್ ಹಾಕಬೇಕು, ಆಸಿಡ್ ಮೇಲೆ ನೀರು ಹಾಕಬಾರದು. ಪೈಲವಾನರು ಅದನ್ನು ಭಜನೆಯ ಧಾಟಿಯಲ್ಲಿ ಹೇಳಿಕೊಂಡು ಬಾಯಿಪಾಠ ಮಾಡಿದರು. ಸಂತೋಷಪಟ್ಟೆ.

ಎರಡು ತಿಂಗಳ ಮೇಲೆ ಅವರ ಊರಿಗೆ ಹೋದೆ. ಬಲ ಮೀನಖಂಡಕ್ಕೆ ಬಟ್ಟೆ ಸುತ್ತಿಕೊಂಡಿದ್ದರು. ಏನಾಯಿತು ಅಂದೆ. ಅವರಿಗಿಂತ ಮೊದಲು ಸೊಸಾಯಿಟಿಯ ಸೆಕ್ರೆಟರಿ ಹೇಳಿದರು. ಸೀಸೆ ಜಾರಿ ಪೈಲವಾನರ ಕಾಲ ಮೇಲೆ ಆಸಿಡ್ ಚೆಲ್ಲಿದೆ. ಮಂದಿ ಕೊಡ ಎತ್ತಿಕೊಂಡು ಓಡಿ ಬಂದಿದ್ದಾರೆ. ಪೈಲವಾನರು ಕೈ ಅಡ್ಡ ಹಿಡಿದು, "ನಿಲ್ರಿ. ಆಸಿಡ್ ಮ್ಯಾಲ ನೀರು ಹಾಕಬಾರದು ಅಂತ ಬಾಯಾರು ಹೇಳ್ಯಾರ," ಅಂದಿದ್ದಾರೆ. ಆಮೇಲೆ ಉರಿಯುವ ಕಾಲಿನಲ್ಲೇ ನಾಲ್ಕು ಹೆಜ್ಜೆ ನಡೆದು, ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಯಲ್ಲಿ ಕಾಲು ಮುಳುಗಿಸಿ ನಿಂತಿದ್ದಾರೆ. ಯಾಕೆ ಅಂದರೆ, "ನೀರಾಗ ಆಸಿಡ್ ಹಾಕಬೇಕು. ಹಾಕೇನಿ."

ನಾನು ಸೀಸೆಯ ಮಾತು ಹೇಳಿದ್ದೆ, ಮೈಯ ಮಾತು ಹೇಳಿರಲಿಲ್ಲ. ಮೈಮೇಲೆ ಬಿದ್ದರೆ ಒಂದು ಗಳಿಗೆ ತಡೆಯದೆ ಕೊಡಗಟ್ಟಲೆ ನೀರು ಸುರಿಯಬೇಕು ಅಂತ ಹೇಳುವುದು ನನ್ನ ಕೆಲಸವಾಗಿತ್ತು. ಆ ನಾಲ್ಕು ಹೆಜ್ಜೆ ನಲವತ್ತಾಗಿದ್ದರೆ ಕಾಲಿನ ಗತಿ ಏನು? ಅವರ ಮುಂದೆ ನೆಲದ ಮೇಲೆ ಕೂತೆ. "ತಪ್ಪು ನಂದು ಕಾಕಾ. ಅರ್ಧ ಅಷ್ಟ ಹೇಳಿದ್ದೆ," ಅಂದೆ. ಕಣ್ಣಲ್ಲಿ ನೀರು ಬಂತು. ಅವತ್ತೇ ಅಲ್ಲೇ ಉಳಿದರ್ಧ ಹೇಳಿದೆ. ಹತ್ತು ಸಲ ಹೇಳಿಸಿದೆ.

ಪೈಲವಾನರು ನನ್ನ ಅಳು ನೋಡಲಾರದೆ ಚಡಪಡಿಸಿದರು. ಅಖಾಡದಲ್ಲಿ ಬಿದ್ದ ಹುಡುಗರಿಗೆ ಹೇಳುವ ಧಾಟಿಯಲ್ಲಿ, "ಏಳ್ರಿ ಬಾಯಾರ. ಕಾಲು ಮಾಯಾಕತ್ತೈತಿ. ಕಾಲಿಂದೇನೂ ಚಿಂತಿಲ್ಲ," ಅಂದರು. "ಚಿಂತಿ ಎಮ್ಮೀದು. ದೋಣಿ ನಾಲ್ಕು ಸಲ ತಿಕ್ಕಿ ತೊಳದು ಹೊಸ ನೀರು ತುಂಬೇನಿ, ಆದರೂ ಮೂಸಿ ನೋಡವಲ್ದು. ಆಸಿಡ್ ಅದಕ್ಕ ಕಂಡಿಲ್ರಿ. ನನ್ನ ಕಾಲು ಕಂಡೈತಿ."

೫. ಉಸಿರು ಹಿಡಿದ ನಲವತ್ತು ಮಂದಿ

ಗಡಿಯ ಕನ್ನಡ ಶಾಲೆಯೊಂದರ ಮಕ್ಕಳು ಒಮ್ಮೆ ನಮ್ಮ ಪ್ರಯೋಗಶಾಲೆ ನೋಡಲು ಬಂದರು. ಗುರುಗಳು ಅವರನ್ನು ಎರಡು ಸಾಲಾಗಿ ನಿಲ್ಲಿಸಿದರು. ನಾನು ಗಾಜಿನ ಕಪಾಟು ತೋರಿಸಿ, ಇದು ಆಮ್ಲ, ಇದು ಬಟ್ಟೆಯನ್ನೂ ಚರ್ಮವನ್ನೂ ಸುಡುತ್ತದೆ, ಯಾರೂ ಹತ್ತಿರ ಬರಬೇಡಿ ಅಂದೆ.

ಎರಡು ಜಡೆಯ ಒಬ್ಬ ಹುಡುಗಿ ಕೈ ಎತ್ತಿದಳು. "ನಾವು ಉಸಿರಾಡೂದು ಆಮ್ಲಜನಕ ಅಂತ ನಮ್ಮ ಪುಸ್ತಕದಾಗ ಐತ್ರಿ."

ಹೌದು ಅಂದೆ.

"ಆಮ್ಲಜನಕ ಅಂದ್ರ ಆಮ್ಲಾ ಹುಟ್ಟಸೂದು. ಹೌದಲ್ರಿ?"

ಹೌದು ಅಂದೆ. ಎತ್ತ ಹೊರಟಿದ್ದಾಳೆ ಅಂತ ಆಗ ಹೊಳೆಯಿತು, ಆದರೆ ತಡವಾಗಿತ್ತು.

"ಅಂದ್ರ ಉಸಿರು ತಗೊಂಡಾಗೊಮ್ಮೆ ನಮ್ಮ ಒಳಗ ಇದು ಹುಟ್ಟತೈತೇನ್ರಿ?" ಅಂತ ಅವಳು ಕಪಾಟಿನ ಸೀಸೆ ತೋರಿಸಿದಳು.

ನೋಡಿದರೆ ನಲವತ್ತು ಮಕ್ಕಳೂ ಉಸಿರು ಹಿಡಿದು ನಿಂತಿದ್ದರು. ಕೆಲವರು ಮೂಗನ್ನೂ ಮುಚ್ಚಿಕೊಂಡಿದ್ದರು. ಗುರುಗಳ ಎದೆಯೂ ಆಡುತ್ತಿರಲಿಲ್ಲ ಅಂತ ನನಗೆ ಅನುಮಾನ.

ಹುಟ್ಟುವುದಿಲ್ಲ, ಉಸಿರಾಡಿ ಅಂತ ಗಾಬರಿಯಿಂದ ಹೇಳಿದೆ. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟಾಗ ಮೇಜಿನ ಮೇಲಿನ ಕಾಗದಗಳು ಹಾರಿದವು. ಆಮೇಲೆ ನೆಲದ ಮೇಲೆ ಕೂಡಿಸಿ ಇದ್ದ ಸಂಗತಿ ಹೇಳಿದೆ. ಬಹಳ ಹಿಂದೆ ಫ್ರಾನ್ಸ್ ದೇಶದ ಒಬ್ಬ ಪಂಡಿತ, ಎಲ್ಲ ಆಮ್ಲದಲ್ಲೂ ಈ ಗಾಳಿ ಇರುತ್ತದೆ ಅಂದುಕೊಂಡು ಅದಕ್ಕೆ ಆಮ್ಲ ಹುಟ್ಟಿಸುವುದು ಅಂತ ಹೆಸರಿಟ್ಟ. ಆಮೇಲೆ ಅದು ತಪ್ಪು ಅಂತ ತಿಳಿಯಿತು. ಅಷ್ಟರಲ್ಲಿ ಹೆಸರು ಎಲ್ಲ ಕಡೆ ಹಬ್ಬಿತ್ತು. ನಮ್ಮವರು ಆ ಹೆಸರನ್ನು ಚಾಚೂ ತಪ್ಪದೆ ಕನ್ನಡಕ್ಕೆ ತಂದರು. ಮರಾಠಿಯವರು ಅದರ ಗೊಡವೆಗೇ ಹೋಗದೆ ಪ್ರಾಣವಾಯು ಅಂದುಬಿಟ್ಟರು.

ಹುಡುಗಿ ಜಡೆಯ ತುದಿ ಕಡಿಯುತ್ತ ಎಲ್ಲವನ್ನೂ ಕೇಳಿದಳು. ಆಮೇಲೆ ಗುರುಗಳ ಕಡೆ ತಿರುಗಿದಳು. "ಸರ್, ತಪ್ಪು ಬರೆದೋರಿಗೆ ದೇಶದ ತುಂಬ ಹೆಸರು. ಶುದ್ಧಲೇಖನದಾಗ ನಂದು ಒಂದು ಒತ್ತಕ್ಷರ ತಪ್ಪಿದ್ದಕ್ಕ ನೀವು ಯಾಕ ಹೊಡದ್ರಿ?"

೬. ಸೂಲಗಿತ್ತಿಯ ಮಾತು

ಸಲಗರೆಯಿಂದ ಸ್ವಲ್ಪ ಆಚೆಗೆ ಒಂದು ಸಣ್ಣ ಹಳ್ಳಿ. ಅಲ್ಲಿ ಹೊಸದಾಗಿ ಹಾಲಿನ ಸೊಸಾಯಿಟಿ ಆಗಿತ್ತು, ಆದರೆ ಒಬ್ಬರೂ ಪರೀಕ್ಷೆಗೆ ಹಾಲು ಕೊಡುತ್ತಿರಲಿಲ್ಲ. ಹೋಗಿ ನೋಡಿ ಬನ್ನಿ ಅಂತ ಸಾಹೇಬರು ನನ್ನನ್ನು ಕಳಿಸಿದರು. ಎರಡು ತಿಂಗಳಲ್ಲಿ ಸರಿಹೋಗದಿದ್ದರೆ ಆ ಊರಿನ ಲಾರಿ ನಿಲ್ಲಿಸುವುದು ಅಂತ ಆಗಿತ್ತು.

ತಡೆದದ್ದು ಒಬ್ಬ ಅಜ್ಜಿ. ಎಪ್ಪತ್ತರ ಮೇಲಿನ ವಯಸ್ಸು, ಊರ ಸೂಲಗಿತ್ತಿ. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿತ್ತು. ಹಾಗಾಗಿ ಅವಳ ಮಾತಿಗೆ ಚೇರಮನ್ನರೂ ಎದುರಾಡುತ್ತಿರಲಿಲ್ಲ. ನಾನು ಎಲ್ಲರ ಮುಂದೆ ನಳಿಗೆಯಲ್ಲಿ ಪರೀಕ್ಷೆ ಮಾಡಿ ತೋರಿಸಿದೆ. ಹಾಲು ಕಪ್ಪಾದದ್ದು ನೋಡಿ ಹೆಣ್ಣುಮಕ್ಕಳೆಲ್ಲ ಹಿಂದೆ ಸರಿದರು. ಅಜ್ಜಿ ಒಬ್ಬಳೇ ಹತ್ತಿರ ಬಂದು, ಮೇಲಿನ ಹೊಂಬಣ್ಣದ ಗೆರೆಯನ್ನು ಬಹಳ ಹೊತ್ತು ನೋಡಿದಳು.

"ಇಷ್ಟು ಸುಟ್ರೂ ಬೆಣ್ಣಿ ಸುಡಲಿಲ್ಲ," ಅಂದಳು. "ಛಲೋ ಐತಿ. ಆದ್ರ ಹಾಲು ಉಕ್ಕಿ ಒಲ್ಯಾಗ ಬಿದ್ರ ಎಮ್ಮಿ ಕೆಚ್ಚಲಿಗೆ ಬಾವು ಬರತೈತಿ. ನೀ ಬೇಕಂತ ಸುಡಾಕತ್ತೀ. ಎಮ್ಮಿ ಗತಿ ಏನು ಮಗಳ?"

ಎಮ್ಮೆಗೆ ಏನೂ ಆಗುವುದಿಲ್ಲ ಅಂದರೆ, "ನಿನಗ ಹೆಂಗ ಗೊತ್ತು? ನಿಮ್ಮನ್ಯಾಗ ದನಾ ಐತಿ?" ಅಂದಳು. ಐತಿ ಅಂದೆ. ನಮ್ಮ ಹಿತ್ತಲಲ್ಲಿ ಒಂದು ಕಪಿಲೆ ಬಣ್ಣದ ಆಕಳಿತ್ತು. "ಹಂಗಾರ ಮೊದಲ ನಿನ್ನ ಆಕಳ ಹಾಲು ಸುಡು. ಹದಿನೈದು ದಿನ ನೋಡೂಣು."

ಒಪ್ಪಿದೆ. ಎರಡು ದಿನದ ಮೇಲೆ ಮನೆಯ ಹಾಲನ್ನು ಗಿಂಡಿಯಲ್ಲಿ ತಂದು ಅಜ್ಜಿಯ ಕಣ್ಣ ಮುಂದೆಯೇ ಪರೀಕ್ಷೆ ಮಾಡಿದೆ. ಹೆಮ್ಮೆಯಿಂದ ಮನೆಗೆ ಹೋದೆ.

ಎಂಟನೇ ದಿನ ನಮ್ಮ ಆಕಳು ಹಾಲು ಕಡಿಮೆ ಮಾಡಿತು. ಹತ್ತನೇ ದಿನ ಅರ್ಧಕ್ಕೆ ಇಳಿಯಿತು. ಅವ್ವ ಹಿಂಡಿ ಹೆಚ್ಚಿಗೆ ಇಟ್ಟಳು, ಅಪ್ಪ ಅಂಗಡಿಯಿಂದ ಬೆಲ್ಲ ತಂದು ತಿನ್ನಿಸಿದ. ಏನೂ ಆಗಲಿಲ್ಲ. ನಾನು ರಸಾಯನಶಾಸ್ತ್ರದ ಪದವೀಧರೆ. ಆದರೂ ನಸುಕಿನಲ್ಲಿ ಎದ್ದು ಯಾರಿಗೂ ಕಾಣದ ಹಾಗೆ ಹಿತ್ತಲಿಗೆ ಹೋಗಿ ಅದರ ಕೆಚ್ಚಲು ಮುಟ್ಟಿ ನೋಡಿದೆ. ಇದನ್ನು ಸಾಹೇಬರಿಗೆ ಇವತ್ತಿಗೂ ಹೇಳಿಲ್ಲ.

ಹದಿನೈದನೇ ದಿನ ಸುಳ್ಳು ಹೇಳಬಹುದಾಗಿತ್ತು. ಹಳ್ಳಿಯಿಂದ ಯಾರು ಬಂದು ನೋಡುತ್ತಾರೆ? ಆದರೆ ಆ ಮುದುಕಿಯ ಮುಖ ನೋಡಿದ ಕೂಡಲೇ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಸುತ್ತಲಿದ್ದವರು ಗುಸುಗುಸು ಶುರು ಮಾಡಿದರು. ಅಜ್ಜಿ ಮಾತ್ರ, ನಾ ಹೇಳಿರಲಿಲ್ಲವೇ ಅನ್ನಲಿಲ್ಲ.

"ಮೇವು ತಿಂತೈತಿ?"

"ಮೊದಲಿಗಿಂತ ಜಾಸ್ತಿ ತಿಂತೈತಿ."

"ಹೋರಿ ಹಂತೇಕ ಹೋಗಿ ಎಷ್ಟು ದಿನ ಆತು?"

ಅದು ಗೊತ್ತಿರಲಿಲ್ಲ. ಪೇಟೆಯ ದನಗಳನ್ನೆಲ್ಲ ಒಬ್ಬ ದನಗಾಹಿ ಹೊಳೆ ಕಡೆ ಮೇಯಿಸಲು ಹೊಡೆದುಕೊಂಡು ಹೋಗುತ್ತಿದ್ದ. ಅಲ್ಲಿ ಏನು ನಡೆಯುತ್ತದೆ ಅಂತ ಅಂಗಡಿಯವರಿಗೆ ಹೇಗೆ ತಿಳಿಯಬೇಕು?

ಅಜ್ಜಿ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಡಿ, ನೋಡತೇನಿ," ಅಂತ ಹಾಲಿನ ಲಾರಿ ಹತ್ತಿ ಡ್ರೈವರನ ಪಕ್ಕ ಕೂತುಬಿಟ್ಟಳು. ಮಿರಜ ಮುಟ್ಟುವವರೆಗೆ ಅವನ ಹೆಂಡತಿಯ ಮೂರೂ ಬಾಣಂತನದ ವಿಚಾರಣೆ ಮಾಡಿದಳು.

ಹಿತ್ತಲಲ್ಲಿ ಅಜ್ಜಿ ಆಕಳ ಗಂಗೆದೊಗಲು ನೇವರಿಸಿದಳು. ಅದರ ಕಿವಿಯಲ್ಲಿ ಏನೋ ಹೇಳಿದಳು. ಬಲಗೈಯನ್ನು ಪಕ್ಕೆಗೆ ಊರಿ, ಕಣ್ಣು ಮುಚ್ಚಿ ನಿಂತಳು. ಆಮೇಲೆ ನಕ್ಕಳು. ಬಾಯಲ್ಲಿ ಮೂರು ಹಲ್ಲು.

"ಐದು ತಿಂಗಳು," ಅಂದಳು. ಅಪ್ಪನ ಕಡೆ ತಿರುಗಿ, "ಸಾವಕಾರ, ಅಂಗಡ್ಯಾಗಿನ ಡಬ್ಬಿ ತುಂಬೈತೋ ಬರಿದೈತೋ ದೂರಿಂದ ಹೇಳ್ತಿ. ಮನ್ಯಾಗಿನ ಆಕಳ ಹೊಟ್ಟಿ ತಿಳೀಲಿಲ್ಲ?"

ಅಪ್ಪ ಬೇಜಾರಾಗಲಿಲ್ಲ. ಅವ್ವ ಹೋಳಿಗೆ ಮಾಡಿದಳು. ಅಜ್ಜಿ ಉಂಡು, ಅವ್ವನ ಮಗ್ಗುಲಲ್ಲೇ ಮಲಗಿ, ಮರುದಿನ ಮುಂಜಾನೆಯ ಲಾರಿಗೆ ಹೋದಳು.

ಊರಿನಲ್ಲಿ ಅಜ್ಜಿ ಹೇಳಿದ್ದು ಇಷ್ಟೇ: ಆಸಿಡ್ ಹಾಕಿದ ಆಕಳಿಗೆ ಏನೂ ಆಗಿಲ್ಲ, ಅದು ಗಬ್ಬ ಐತಿ. ಆ ಮಾತು ಮೇಲಿನ ಓಣಿಯಿಂದ ಕೆಳಗಿನ ಓಣಿಗೆ ಬರುವಷ್ಟರಲ್ಲಿ, ಆಸಿಡ್ ಹಾಕಿದ್ದಕ್ಕೆ ಗಬ್ಬ ಆಯಿತು ಅಂತ ಆಗಿತ್ತು. ಮುಂದಿನ ಸಲ ನಾನು ಹೋದಾಗ ಸೊಸಾಯಿಟಿಯ ಮುಂದೆ ಮೂವತ್ತು ಹೆಣ್ಣುಮಕ್ಕಳು ಚರಿಗೆ ಹಿಡಿದು ಸಾಲಾಗಿ ನಿಂತಿದ್ದರು. ಮೊದಲನೆಯಾಕೆ ಹತ್ತಿರ ಬಂದು ಕಿವಿಯಲ್ಲಿ ಅಂದಳು. "ನಮ್ಮ ಎಮ್ಮಿ ಎರಡು ಸಲ ಕೋಣನ ಹಂತೇಕ ಹೋದರೂ ಗಬ್ಬ ನಿಲ್ಲವಲ್ತು. ಅದರ ಹಾಲಿಗೆ ಒಂದೀಟು ಜಾಸ್ತಿ ಹಾಕ್ರಿ."

ನಾನು ಕಟ್ಟೆ ಹತ್ತಿ ನಿಂತು ತಿಳಿಸಿ ಹೇಳಿದೆ. ಆಕಳು ಗಬ್ಬಾಗಿ ಐದು ತಿಂಗಳಾಗಿದೆ, ಆಸಿಡ್ ಹಾಕಿ ಒಂದು ತಿಂಗಳೂ ಆಗಿಲ್ಲ, ನೀವೇ ಲೆಕ್ಕ ಹಾಕಿ ಅಂದೆ. ಹಿಂದಿನಿಂದ ಒಬ್ಬಾಕೆ, "ನೀವು ಕಲಿತೋರು, ನಿಮಗ ತಿಂಗಳ ಲೆಕ್ಕ ಬೇಕು. ನಮಗ ಕರು ಆದ್ರ ಸಾಕು," ಅಂದಳು.

ಸಹಾಯಕ್ಕೆ ಅಂತ ಅಜ್ಜಿಯ ಕಡೆ ನೋಡಿದೆ. ಅಜ್ಜಿ ಎಲೆಗೆ ಸುಣ್ಣ ಸವರುತ್ತ ಕೂತಿದ್ದಳು. "ನೀ ಖರೆ ಹೇಳೀದಿ, ಅವರು ಕೇಳ್ಯಾರ. ಇನ್ನ ಹಾಲು ಅಳಿ ಮಗಳ. ಹೊತ್ತಾತು," ಅಂದಳು. ಅಳೆದೆ. ಆ ಊರಿನ ಲಾರಿ ನಿಲ್ಲಲಿಲ್ಲ. ವರದಿಯಲ್ಲಿ ನಾನು, ಸಭಾಸದರಿಗೆ ಶಾಸ್ತ್ರೀಯ ಮಾಹಿತಿ ಕೊಡಲಾಯಿತು ಅಂತ ಬರೆದೆ. ಸಾಹೇಬರು ಅದನ್ನು ಓದಿ ಉಳಿದ ಊರುಗಳಲ್ಲೂ ಇದೇ ಪದ್ಧತಿ ಅನುಸರಿಸಿ ಅಂದರು.

ನಾಲ್ಕು ತಿಂಗಳಿಗೆ ಆಕಳು ಈಯಿತು. ಹೆಣ್ಣು ಕರು. ಅಜ್ಜಿ ಲಾರಿಯಲ್ಲಿ ಸಜ್ಜೆಯ ಗಂಟು ಹೊತ್ತುಕೊಂಡು ಬಾಣಂತಿಯನ್ನು ನೋಡಲು ಬಂದಳು. ಕರುವನ್ನು ತೊಡೆಯ ಮೇಲೆ ಎಳೆದುಕೊಂಡು, ಹೆಸರೇನು ಅಂದಳು. ಇನ್ನೂ ಇಟ್ಟಿಲ್ಲ ಅಂದಳು ಅವ್ವ.

"ಆ ಆಸಿಡ್ ದೆಸಿಂದ ನಮ್ಮ ನಿಮ್ಮ ಗುರುತು ಆತು. ಇಲ್ಲಾಂದ್ರ ನೀವೆಲ್ಲಿ ನಾನೆಲ್ಲಿ," ಅಂದಳು ಅಜ್ಜಿ. "ಅದರ ಹೆಸರೇ ಇರಲಿ."

ಹಿರಿಯಳ ಬಾಯಿಂದ ಬಂದ ಮಾತು, ಅಪ್ಪ ಇಲ್ಲ ಅನ್ನಲಿಲ್ಲ. ಕರುವಿನ ಹೆಸರು ಆಸಿಡ್ ಅಂತಲೇ ಆಯಿತು. ಮನೆಯಲ್ಲಿ ಎಲ್ಲರಿಗೂ ರೂಢಿಯಾಯಿತು. ಅವ್ವ ಮುಂಜಾನೆ, "ಆಸಿಡ್‌ಗ ಹಾಲು ಬಿಟ್ರೇನು?" ಅಂತ ಕೇಳಿದರೆ ನಮಗೆ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಒಂದು ಸಂತೆಯ ದಿನ, ಮಧ್ಯಾಹ್ನ, ಕರು ಹಗ್ಗ ಹರಿದುಕೊಂಡು ಪೇಟೆಗೆ ನುಗ್ಗಿತು. ಅಪ್ಪ ಗಲ್ಲಾಪೆಟ್ಟಿಗೆ ಬಿಟ್ಟು, ಚಪ್ಪಲಿ ಇಲ್ಲದೆ, ಧೋತರ ಎತ್ತಿ ಹಿಡಿದು ಅದರ ಹಿಂದೆ ಓಡಿದ. ಓಡುತ್ತ ಎರಡೂ ಭಾಷೆಯಲ್ಲಿ ಕೂಗಿದ. "ಆಸಿಡ್ ಬಂತು, ಹಿಡೀರಿ. ಆಸಿಡ್ ಆಲಂ, ಧರಾ."

ಯಾರು ಹಿಡಿಯುತ್ತಾರೆ? ಬಳೆಗಾರ ಬುಟ್ಟಿ ಎತ್ತಿಕೊಂಡು ಕಟ್ಟೆ ಹತ್ತಿದ. ಬಟ್ಟೆ ಅಂಗಡಿಗಳ ಬಾಗಿಲು ದಡದಡ ಹಾಕಿಕೊಂಡವು. ಟಾಂಗಾದವರು ಕುದುರೆಯನ್ನು ಸಂದಿಯೊಳಗೆ ತಿರುಗಿಸಿದರು. ಹೆಣ್ಣುಮಕ್ಕಳು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. ಒಂದು ಗಳಿಗೆಯಲ್ಲಿ ಇಡೀ ರಸ್ತೆ ಖಾಲಿ. ಆ ಖಾಲಿ ರಸ್ತೆಯ ನಡುವೆ ಕರು ನಿಧಾನಕ್ಕೆ ನಡೆದು ಹೋಗಿ, ಕಾಯಿಪಲ್ಲೆಯವಳು ಬಿಟ್ಟು ಓಡಿದ್ದ ಕೊತ್ತಂಬರಿಯ ಗುಡ್ಡೆಯ ಮುಂದೆ ನಿಂತು, ಒಂದೊಂದೇ ಸಿವುಡು ತಿನ್ನತೊಡಗಿತು. ಅಪ್ಪ ಹೋಗಿ ಅದರ ಕೊರಳಿಗೆ ಕೈ ಹಾಕಿ ನಿಂತ. ಕಿಟಕಿಗಳಿಂದ ಒಂದೊಂದೇ ತಲೆ ಹೊರಗೆ ಬಂತು.

ಕೊತ್ತಂಬರಿಯವಳನ್ನು ಸಮಾಧಾನಪಡಿಸಿ, ಕರುವನ್ನು ಹಿಡಿದುಕೊಂಡು ಅಪ್ಪ ಮನೆಗೆ ಬಂದಾಗ ಸಿಟ್ಟಾಗಿರಬೇಕು ಅಂತ ನಾನೂ ಅವ್ವನೂ ಅಂಜಿ ನಿಂತಿದ್ದೆವು. ಅಪ್ಪ ಕರುವನ್ನು ಗೂಟಕ್ಕೆ ಕಟ್ಟಿ, ಅದರ ಬಾಯಿಗಂಟಿದ ಕೊತ್ತಂಬರಿ ಎಲೆ ಒರೆಸಿ, ಮುಖ ತೊಳೆದುಕೊಂಡು ಬಂದು ಕೂತ.

"ಮುದುಕಿ ಹೆಸರು ಭಾರಿ ಇಟ್ಟಾಳ," ಅಂದ. "ನಲವತ್ತು ವರ್ಷ ಆತು ನಾ ಈ ಪ್ಯಾಟ್ಯಾಗ ಅಡ್ಡಾಡಾಕತ್ತಿ. ಮಂದಿ ಹಾದಿ ಬಿಟ್ಟದ್ದು ಇವತ್ತ."